ನಾಳೆ ನಿಮ್ಮ ವಿರುದ್ಧ ಮಾತಾಡಲಿಕ್ಕುಂಟು

ಫೆಲಿಕ್ಸ್ ಪೊರ್ಬುಗಳ ಹಳೆಯ ಸ್ಕೂಟರ್ ಸಂಜೆ ಹೊತ್ತಿಗೆ ಯಾರದಾದರೂ ಗೇಟಿನೆದುರು ನಿಂತಿತೆಂದರೆ ಆ ಮನೆಯವರಿಗೆ ಮರುದಿನದ ಗ್ರಾಮಸಭೆಯಲ್ಲಿ ಮಂಗಳಾರತಿ ಕಾದಿದೆ ಎಂದೇ ಅರ್ಥ. ಅವರು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ತೆಗೆದು ಕಂಕುಳಲ್ಲಿಟ್ಟುಕೊಂಡು, ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು ಜಗಲಿಯ ತುದಿಯಲ್ಲಿ ಕುಳಿತುಕೊಳ್ಳುವರು. ಕೊಟ್ಟ ನೀರು ಕುಡಿದು, ಮನೆಯವರ ಆರೋಗ್ಯ, ಬಾವಿಯ ನೀರು, ಮೀನಿನ ಕ್ರಯ ಎಲ್ಲ ವಿಚಾರಿಸಿ, ಕೊನೆಗೆ ಮದುವೆಯ ಕಾಗದ ಕೊಡಲು ಬಂದವರ ಹಾಗೆ ನಗುತ್ತ ಹೇಳುವರು: "ನಾಳೆ ನಿಮ್ಮ ವಿರುದ್ಧ ಮಾತಾಡ್ಲಿಕ್ಕುಂಟು. ಹೇಳಿ ಹೋಗುವ ಅಂತ ಬಂದೆ."

ಬರೀ ಅಷ್ಟು ಹೇಳಿ ಎದ್ದು ಹೋಗುವವರಲ್ಲ. ಏನು ಮಾತಾಡುತ್ತೇನೆ, ಯಾವುದನ್ನು ಮೊದಲು ಹೇಳುತ್ತೇನೆ, ಯಾವ ಪ್ರಶ್ನೆ ಕೇಳುತ್ತೇನೆ ಎಂಬುದನ್ನೆಲ್ಲ ಬಿಡಿಸಿ ಹೇಳುವರು. ಆಮೇಲೆ ಚಹಾ ಬಂದರೆ ಕುಡಿಯುವರು, ಬಾರದಿದ್ದರೆ ಹಾಗೆಯೇ ಹೊರಡುವರು. ಚಹಾ ಕೊಡದೆ ಕಳಿಸಿದ ಮನೆಗಳೂ ನಮ್ಮೂರಲ್ಲಿ ಸಾಕಷ್ಟಿದ್ದವು.

ನಮ್ಮೂರೆಂದರೆ ಉದ್ಯಾವರ ದಾಟಿ ಕಾಪುವಿನ ಕಡೆಗೆ ಹೋಗುವಾಗ ಹೆದ್ದಾರಿಯಿಂದ ಕಡಲಿನ ಬದಿಗೆ ಇಳಿಯುವ ಒಂದು ಸಣ್ಣ ಗ್ರಾಮ. ನಾವು ತುಳುವರು ಕ್ರೈಸ್ತರನ್ನು ಪೊರ್ಬುಗಳು ಎಂದು ಕರೆಯುವುದು ಮೊದಲಿನಿಂದ ಬಂದ ರೂಢಿ. ನಾನು ಅಲ್ಲಿ ಪಂಚಾಯತ್ ಸದಸ್ಯೆ. ಮೀಸಲಾತಿಯಲ್ಲಿ ಒಮ್ಮೆ ಗೆದ್ದವಳನ್ನು ಆಮೇಲೆ ಮನೆಗೆ ಕಳಿಸಲು ಯಾರಿಗೂ ಆಗಲಿಲ್ಲ, ನನ್ನ ಬಾಯಿ ಅಷ್ಟು ಜೋರು. ಅಂಥ ನನ್ನನ್ನೂ ಸುಮ್ಮನೆ ಕೂರಿಸಿ ಕೇಳುವಂತೆ ಮಾಡಿದವರು ಫೆಲಿಕ್ಸ್ ಪೊರ್ಬುಗಳು ಒಬ್ಬರೇ.

ಹೊಟ್ಟೆಪಾಡಿಗೆ ಅವರದು ಮೈಕ್ ಸೆಟ್ ಅಂಗಡಿ. ಮದುವೆ, ಮುಂಜಿ, ಚರ್ಚಿನ ಹಬ್ಬ, ಉರೂಸು, ಯಕ್ಷಗಾನ, ಎಲ್ಲ ಪಕ್ಷಗಳ ಭಾಷಣ, ಎಲ್ಲದಕ್ಕೂ ಅವರದೇ ಮೈಕು. ಮೈಕ್ ಪರೀಕ್ಷೆ ಮಾಡುವಾಗ ಉಳಿದವರ ಹಾಗೆ ಹಲೋ ಹಲೋ ಎನ್ನುವ ಅಭ್ಯಾಸ ಅವರಿಗಿರಲಿಲ್ಲ. "ಬಂಗುಡೆ, ಬೂತಾಯಿ, ಅಂಜಲ್" ಎಂದು ಮೀನಿನ ಹೆಸರು ಹೇಳುತ್ತಿದ್ದರು. "ಬಂಗುಡೆ ಅಂದ್ರೆ ಗಾಳಿ ಹೊಡೀತದಾ ಗೊತ್ತಾಗ್ತದೆ, ಅಂಜಲ್ ಅಂದ್ರೆ ಕೊನೆ ಅಕ್ಷರ ಕೇಳ್ತದಾ ಗೊತ್ತಾಗ್ತದೆ" ಎಂಬುದು ಅವರ ಶಾಸ್ತ್ರ. ಭಟ್ಟರ ಮನೆಯ ಉಪನಯನಕ್ಕೆ ಹೋದರೆ ಮಾತ್ರ ಅದು "ಬದನೆ, ಬೆಂಡೆ, ಅಲಸಂಡೆ" ಆಗುತ್ತಿತ್ತು. ಒಮ್ಮೆ ಅಭ್ಯಾಸ ಬಲದಿಂದ ಬಂಗುಡೆ ಎಂದುಬಿಟ್ಟು, ಭಟ್ಟರು ತಿರುಗಿ ನೋಡುವಷ್ಟರಲ್ಲಿ "ಅಲ್ಲಲ್ಲ, ಬದನೆ" ಎಂದು ತಿದ್ದಿಕೊಂಡದ್ದು ನಾಲ್ಕೂ ದಿಕ್ಕಿಗೆ ಕೇಳಿಸಿತ್ತು. ಭಟ್ಟರೇ ಎಲ್ಲರಿಗಿಂತ ಜೋರಾಗಿ ನಕ್ಕರು.

ಪೊರ್ಬುಗಳು ಹುಟ್ಟಿದ್ದು ಕಾರ್ಕಳದಲ್ಲಿ. ನಮ್ಮೂರ ಲಿಲ್ಲಿ ಬಾಯಿಯನ್ನು ಮದುವೆಯಾಗಿ ಮನೆ ಅಳಿಯನಾಗಿ ಬಂದವರು. ಎತ್ತರದ ಸಪೂರ ಆಳು, ಬಿಳಿ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಟೆಸ್ಟರ್, ಕೊರಳಲ್ಲಿ ಕಪ್ಪು ದಾರದ ಸಣ್ಣ ಶಿಲುಬೆ. ಇಗರ್ಜಿ ಎಂದು ಅವರು ಕರೆಯುವ ಚರ್ಚಿನಲ್ಲಿ ಊರನ್ನು ವಾಡೆಗಳಾಗಿ ವಿಂಗಡಿಸಿ ಒಂದೊಂದು ವಾಡೆಗೆ ಒಬ್ಬ ಮುಖಂಡನನ್ನು ಆರಿಸುತ್ತಾರೆ, ಅವನಿಗೆ ಗುರ್ಕಾರ್ ಎನ್ನುತ್ತಾರೆ. ಇವರು ತುಂಬ ಕಾಲ ಗುರ್ಕಾರರಾಗಿದ್ದವರು. ಆ ಸಂಜೆಯ ಭೇಟಿಯ ಮರ್ಮ ಅಲ್ಲಿತ್ತು. ನಾನೊಮ್ಮೆ ಕೇಳಿಯೇಬಿಟ್ಟೆ, "ಎಂತ ಪೊರ್ಬುಗಳೇ, ಇಸ್ಪೀಟು ಆಡುವ ಮೊದಲೇ ಎಲೆ ಎಲ್ಲ ತೋರಿಸಿದ್ರೆ ಗೆಲ್ಲುವುದು ಹೇಗೆ?"

"ನಮ್ಮ ವಾಡೆಯಲ್ಲಿ ಇಬ್ಬರು ಮಾತು ಬಿಟ್ರೆ ಗುರ್ಕಾರ್ ಮೊದಲು ಅವರ ಮನೆಗೆ ಹೋಗ್ಬೇಕು ಶಶಿಕಲಾ. ಇಗರ್ಜಿಯಲ್ಲಿ ಹೇಳುವುದು ಆಮೇಲೆ. ಮನೆಯಲ್ಲಿ ಹೇಳದ್ದನ್ನು ಸಭೆಯಲ್ಲಿ ಹೇಳಿದ್ರೆ ಅದು ಚಾಡಿ ಆಗ್ತದೆ" ಎಂದರು. "ಗೆಲ್ಲಲೇಬೇಕು ಅಂತಿದ್ರೆ ಕೋರ್ಟಿಗೆ ಹೋಗ್ತಿದ್ದೆ. ನನಗೆ ನಾಡಿದ್ದೂ ಇದೇ ಊರಲ್ಲಿ ಇರ್ಲಿಕ್ಕುಂಟಲ್ಲ" ಎಂದು ಸೇರಿಸಿದರು.

ಅವರು ಊರವರ ಬಾಯಿಗೆ ಮೊದಲು ಬಿದ್ದದ್ದು ಬಾರಿನ ವಿಷಯದಲ್ಲಿ. ಕಂಟ್ರಾಕ್ಟರ್ ಸತೀಶ ನಮ್ಮ ಬಸ್ ನಿಲ್ದಾಣದ ಪಕ್ಕದಲ್ಲೇ ಬಾರ್ ತೆರೆಯಲು ಹೊರಟಿದ್ದ. ಪ್ರಾಯದವನು, ಕೆಲಸಗಾರ, ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಪೊರ್ಬುಗಳು ಮುಂಚಿನ ಸಂಜೆ ಅವನ ಮನೆಗೆ ಹೋಗಿ ಹೇಳಿ ಬಂದಿದ್ದರು, ಅಲ್ಲಿ ಚಹಾ ಸಿಕ್ಕಿರಲಿಲ್ಲ. ಮರುದಿನ ಶಾಲೆಯ ಹಾಲಿನಲ್ಲಿ ಗ್ರಾಮಸಭೆ. ಮೈಕ್ ಇಟ್ಟದ್ದು ಪೊರ್ಬುಗಳೇ. ತಮ್ಮ ಸರದಿ ಬಂದಾಗ ಮಾತ್ರ ಮೈಕಿನಿಂದ ದೂರ ನಿಂತು ಬರಿಯ ಬಾಯಿಯಲ್ಲಿ ಮಾತಾಡಿದರು. ಮೈಕು ತನ್ನದೇ ಆದ ಕಾರಣ ಅದರಲ್ಲಿ ಮಾತಾಡಿದರೆ ಮೇಲುಗೈ ಆದೀತೆಂದು ಅವರ ಲೆಕ್ಕಾಚಾರ.

"ನಿಮ್ಮವರ ಮದುವೆಯಲ್ಲಿ ಕುಡಿಯುವುದಿಲ್ವಾ? ನೀವು ನಮಗೆ ಹೇಳ್ಲಿಕ್ಕೆ ಬರುವುದಾ?" ಎಂದು ಸತೀಶ ಎದ್ದ.

"ಕುಡೀತೇವೆ. ನಾನೂ ಕುಡೀತೇನೆ" ಎಂದರು ಪೊರ್ಬುಗಳು. ಹಾಲಿನಲ್ಲಿ ನಗು. "ಕುಡಿಯುವುದು ಪಾಪ ಅಂತ ಹೇಳ್ಲಿಕ್ಕೆ ನಾನು ಬರ್ಲಿಲ್ಲ ಸತೀಶ. ಪಾಪದ ವಿಷಯ ನಾನು ಫಾದರ್ ಹತ್ರ ಮಾತಾಡ್ತೇನೆ. ಇಲ್ಲಿ ಕೇಳುವುದು ಇಷ್ಟೇ, ಹೆಣ್ಣುಮಕ್ಕಳು ಬಸ್ಸಿಗೆ ಕಾಯುವ ಜಾಗದಲ್ಲಿ ಅದು ಬೇಕಾ?"

ಸತೀಶನಿಗೆ ಹೊಳೆದದ್ದು ಬೈಗಳು. ಮೈಕ್ ಹಿಡಿದು, ಕಾರ್ಕಳದಿಂದ ಬಂದವರಿಗೆ ಈ ಊರಿನ ಉಸಾಬರಿ ಯಾಕೆ, ಬುದ್ಧಿ ಹೇಳುವುದಿದ್ದರೆ ಇಗರ್ಜಿಯಲ್ಲಿ ಹೇಳಲಿ ಎಂದು ಶುರು ಮಾಡಿದ. ಎರಡು ಮಾತಾಗುವಷ್ಟರಲ್ಲಿ ಮೈಕ್ ಕೈಕೊಟ್ಟಿತು. ಆ ಮೈಕಿನ ವೈರ್ ಕುತ್ತಿಗೆಯ ಹತ್ತಿರ ಸಡಿಲ, ಅದನ್ನು ಒಂದು ಸುತ್ತು ಸುತ್ತಿ ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ಮಾತ್ರ ಸ್ವರ ಬರುವುದು. ಪೊರ್ಬುಗಳು ಬೆಂಚು ದಾಟಿ ಓಡಿ ಬಂದರು. ವೈರನ್ನು ಸುತ್ತಿ, ಒತ್ತಿ ಹಿಡಿದು, "ಬಂಗುಡೆ, ಬೂತಾಯಿ, ಅಂಜಲ್" ಎಂದು ನೋಡಿ, "ಹಾಂ, ಈಗ ಬೈಯಿರಿ, ಕೇಳ್ತದೆ" ಎಂದರು. ಸತೀಶ ಬೈದು ಮುಗಿಸುವವರೆಗೂ ಅವನ ಪಕ್ಕದಲ್ಲೇ ಹೆಬ್ಬೆರಳು ಒತ್ತಿಕೊಂಡು ನಿಂತಿದ್ದರು. ಬೈಯುವವನಿಗೇ ಕಡೆಕಡೆಗೆ ನಾಲಿಗೆ ತಡವರಿಸಿತು. ಅದನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ.

ಬಾರ್ ಬಸ್ ನಿಲ್ದಾಣದ ಪಕ್ಕ ಆಗಲಿಲ್ಲ, ಹೆದ್ದಾರಿಯ ಆಚೆ ಬದಿಗೆ ಆಯಿತು. ಉದ್ಘಾಟನೆಗೆ ಮೈಕ್ ಇಟ್ಟವರು ಫೆಲಿಕ್ಸ್ ಪೊರ್ಬುಗಳೇ.

"ಬಾಯಿಯನ್ನು ಬಾಡಿಗೆಗೆ ಕೊಡುವವ ಸ್ವಂತ ಬಾಯಿ ಮುಚ್ಚಿಕೊಂಡಿರ್ಬೇಕು. ಇವರಿಗೆ ಯಾರು ಹೇಳುವುದು?" ಎಂದು ಲಿಲ್ಲಿ ಬಾಯಿ ನನ್ನ ಹತ್ತಿರ ದೂರುತ್ತಿದ್ದರು. ದೂರಿನೊಳಗೆ ಅಭಿಮಾನವೂ ಇತ್ತು, ಅದನ್ನು ಅವರು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಲಿಲ್ಲ.

ಇನ್ನು ಹೇಳಬೇಕಾದದ್ದು ಒಬ್ಬ ಮುದುಕಿಯ ವಿಷಯ. ಊರಿನಲ್ಲಿ ಮನೆ ಕಟ್ಟುವ ಕೆಲಸಕ್ಕೆ ಗದಗದ ಕಡೆಯಿಂದ ಬಂದವರು ಹೆದ್ದಾರಿಯ ಬದಿಯಲ್ಲಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಅವರನ್ನು ನಾವು ಘಟ್ಟದವರು ಎನ್ನುತ್ತೇವೆ, ವರ್ಷಗಟ್ಟಲೆ ಇಲ್ಲೇ ಇದ್ದರೂ ಘಟ್ಟದವರೇ. ಅವರಲ್ಲಿ ಯಲ್ಲವ್ವ ಎಂಬವಳು ನಮ್ಮ ಕಂಪೌಂಡಿನ ಕೆಂಪುಕಲ್ಲನ್ನೆಲ್ಲ ಹೊತ್ತವಳು. ಅವಳ ಗಂಡ ಇಲ್ಲಿಯೇ ಕಾಯಿಲೆಯಾಗಿ ತೀರಿಕೊಂಡಾಗ ಹೆಣ ಇಡಲು ಊರಿನಲ್ಲಿ ಜಾಗ ಸಿಕ್ಕಿರಲಿಲ್ಲ. ನಮ್ಮ ರುದ್ರಭೂಮಿಯಲ್ಲಿ ಸುಡುವ ಕ್ರಮ, ಅವರದು ಮಣ್ಣು ಮಾಡುವ ಕ್ರಮ. ಮೇಲಾಗಿ ಅದು ಊರಿನವರಿಗೆ ಮಾತ್ರ ಎಂಬ ಸಮಿತಿಯ ನಿಯಮ. ಆಂಬುಲೆನ್ಸಿನಲ್ಲಿ ಹಾಕಿ, ಘಟ್ಟ ಹತ್ತಿಸಿ, ಯಲ್ಲವ್ವ ಗಂಡನನ್ನು ಅವರ ಊರಿನ ಹೊಲದ ಬದುವಿಗೆ ಮುಟ್ಟಿಸಿದ್ದಳು. ಆ ಹೊಲ ಈಗ ಬೇರೆಯವರ ಪಾಲಾಗಿತ್ತು. ಉಳಿದದ್ದು ಅವಳು ಮತ್ತು ಅವಳ ಅತ್ತೆ.

ಸೊಸೆ ಕೆಲಸಕ್ಕೆ ಹೋದ ಮೇಲೆ ಅತ್ತೆ ಬಂದು ಪೊರ್ಬುಗಳ ಅಂಗಡಿಯ ಮಾಡಿನ ಕೆಳಗೆ ಕೂರುತ್ತಿತ್ತು. ಅವರು ಆಂಪ್ಲಿಫಯರ್ ರಿಪೇರಿ ಮಾಡುತ್ತ ರೇಡಿಯೋ ಹಾಕಿದರೆ ದೊಡ್ಡ ಸ್ಪೀಕರಿಗೆ ಒರಗಿ ತೂಕಡಿಸುತ್ತಿತ್ತು. ಮುದುಕಿಗೆ ಒಂದೇ ಚಿಂತೆ. "ನನ್ನ ಗಾಡ್ಯಾಗ ಹಾಕಿ ಕಳಸಬ್ಯಾಡ್ರಿ ಯಪ್ಪಾ. ನನ್ನ ಮಗಾ ಬಸ್ಸಿನ್ಯಾಗ ಬಂದಾಂವ, ಹೆಣಾ ಆಗಿ ಹೋದಾಂವ. ನನ್ನ ಇಲ್ಲೇ ಮಣ್ಣು ಮಾಡ್ರಿ" ಎನ್ನುತ್ತಿತ್ತು. ಉಬ್ಬಸ ಜಾಸ್ತಿಯಾಗಿ ಮುದುಕಿ ಬರುವುದು ನಿಂತ ಮೇಲೆ ಪೊರ್ಬುಗಳು ಗ್ರಾಮಸಭೆಗೆ ವಿಷಯ ಕೊಟ್ಟರು.

ಈ ಸಲ ಸ್ಕೂಟರ್ ನಿಂತದ್ದು ನಮ್ಮ ಗೇಟಿನೆದುರು. ಯಾಕೆಂದರೆ ರುದ್ರಭೂಮಿ ಸಮಿತಿಯ ಅಧ್ಯಕ್ಷರು ನನ್ನ ಮಾವ. ಜಗನ್ನಾಥಣ್ಣ ಎಂದರೆ ಮಲ್ಪೆ ಬಂದರಿನ ದಕ್ಕೆಯಲ್ಲೂ ಹೆಸರಿತ್ತು, ಬೋಟು ಇಟ್ಟು ಬದುಕಿದವರು. ಬೋಟು ಮಾರಿದ ಮೇಲೆ ಆ ರುದ್ರಭೂಮಿಯೇ ಅವರ ಬೋಟು. ಪಂಚಾಯತ್ ಜಾಗಕ್ಕೆ ಊರವರನ್ನು ಕಾಡಿ ಬೇಡಿ ಆವರಣ ಕಟ್ಟಿಸಿ, ಗೇಟು ಇಡಿಸಿ, ಕೀಲಿಕೈಯನ್ನು ಸೊಂಟದ ದಾರಕ್ಕೆ ಕಟ್ಟಿಕೊಂಡಿದ್ದರು.

ನಾನು ಚಹಾ ತಂದಿಟ್ಟೆ. ಪೊರ್ಬುಗಳು ತಮ್ಮ ಮಾಮೂಲಿ ವಾಕ್ಯ ಹೇಳಿದರು. ಮಾವ ಮೂಗಿನಲ್ಲಿ ನಕ್ಕರು.

"ಪೊರ್ಬುಗಳೇ, ನಿಮ್ಮ ಇಗರ್ಜಿಯಲ್ಲಿ ಹೂಳುವ ಕ್ರಮವೇ ಉಂಟಲ್ಲ. ಫಾದರ್ ಹತ್ರ ಕೇಳಿ ಒಂದು ಮೂಲೆ ಕೊಡಿಸಿ. ನಮ್ಮಲ್ಲಿಗೆ ಯಾಕೆ ಬರ್ತೀರಿ?"

"ಕೇಳಿದ್ರೆ ಕೊಟ್ಟಾರು ಜಗನ್ನಾಥಣ್ಣ. ಅದು ಸುಲಭ" ಎಂದರು ಪೊರ್ಬುಗಳು. "ಆದ್ರೆ ಆ ಮುದುಕಿ ಬದುಕಿಡೀ ಎಲ್ಲಮ್ಮನಿಗೆ ಕೈ ಮುಗಿದದ್ದು. ಜಾಗ ಇಲ್ಲ ಅಂತ ಹೇಳಿ ಸತ್ತ ಮೇಲೆ ಶಿಲುಬೆಯ ಅಡಿಯಲ್ಲಿ ಮಲಗಿಸುವುದು ಯಾವ ನ್ಯಾಯ? ಅದಕ್ಕೆ ಧರ್ಮ ಮಾಡಿದ್ದು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ. ಅವಳಿಗೆ ಬೇಕಾದ್ದು ಊರಿನ ಜಾಗ. ಊರಿನ ಜಾಗದ ಕೀಲಿಕೈ ನಿಮ್ಮ ಸೊಂಟದಲ್ಲುಂಟು."

"ನಿಮಗೆ ಇದರಲ್ಲಿ ಎಂತ? ಅವಳು ನಿಮ್ಮ ಜಾತಿಯಾ, ನಿಮ್ಮ ಊರಾ?"

"ನಮ್ಮಲ್ಲಿ ಸತ್ತವರನ್ನು ಮಣ್ಣು ಮಾಡುವುದು ಪುಣ್ಯದ ಕೆಲಸ ಅಂತ ಸಣ್ಣದಿರುವಾಗಲೇ ಬಾಯಿಪಾಠ ಮಾಡಿಸ್ತಾರೆ. ಅದು ನನ್ನ ತಲೆಯಿಂದ ಹೋಗುವುದಿಲ್ಲ, ಅದನ್ನು ನಾನು ಅಡಗಿಸುವುದೂ ಇಲ್ಲ. ಆದ್ರೆ ನಾಳೆ ಅದಕ್ಕಾಗಿ ಕೊಡಿ ಅಂತ ಕೇಳುವುದಿಲ್ಲ. ನಿಮ್ಮ ಮನೆಯ ಕಲ್ಲು ಹೊತ್ತವಳ ಅತ್ತೆ ಅಂತ ಕೇಳ್ತೇನೆ."

ಮಾವ ಚಹಾದ ಲೋಟ ತಿರುಗಿಸಿದರು. ಪೊರ್ಬುಗಳು ಎಂದಿನ ಹಾಗೆ ಮರುದಿನದ ಎಲ್ಲ ವಾದವನ್ನೂ ಒಂದೊಂದಾಗಿ ಹೇಳಿ ಎದ್ದರು.

ಅಂದು ಅವರು ಇನ್ನೊಂದು ಕಡೆಗೂ ಹೋಗಿದ್ದರೆಂದು ಲಿಲ್ಲಿ ಬಾಯಿ ಆಮೇಲೆ ಹೇಳಿದರು. ಅದು ಅವರದೇ ಫಾದರರ ಬಂಗಲೆ. ನಾವು ಸ್ವಲ್ಪ ಜನ, ಬೇರೆಯವರ ಸ್ಮಶಾನದ ವಿಷಯಕ್ಕೆ ಕೈ ಹಾಕಿದರೆ ನಾಳೆ ಮತಾಂತರ ಎಂಬ ಮಾತು ಬರುತ್ತದೆ, ಸುಮ್ಮನಿರಿ ಎಂದು ಇಗರ್ಜಿಯ ಹಿರಿಯರೆಲ್ಲ ಹೇಳಿದ್ದರು. ಫಾದರರೂ ಒಳ್ಳೆಯ ಮನುಷ್ಯ, ಅವರ ಹೆದರಿಕೆಯೂ ಸುಳ್ಳಲ್ಲ. ಇವರು ಕೇಳಿದ್ದು ಇಷ್ಟಂತೆ: "ನಾವು ಸ್ವಲ್ಪ ಜನ ಅಂತ ಹೇಳಿ ಓಟಿನ ದಿನ ನಮಗೆ ಅರ್ಧ ಬೆರಳಿಗೆ ಮಾತ್ರ ಶಾಯಿ ಹಾಕ್ತಾರಾ ಫಾದರ್?"

ಸಭೆಯಲ್ಲಿ ಆದದ್ದನ್ನು ಚುಟುಕಾಗಿ ಹೇಳುತ್ತೇನೆ. ಪೊರ್ಬುಗಳು ಸೋತರು. ಸೋಲದೆ ಏನು, ಅವರ ಪ್ರತಿಯೊಂದು ಮಾತಿಗೂ ಮಾವ ಉತ್ತರ ಕಟ್ಟಿಕೊಂಡೇ ಬಂದಿದ್ದರು. ಜಾಗ ಚಿಕ್ಕದು, ಹೂಳುತ್ತಾ ಹೋದರೆ ನಾಳೆ ಸುಡಲಿಕ್ಕೆ ಎಲ್ಲಿ, ನಿಯಮವನ್ನು ಒಬ್ಬರಿಗೆ ಸಡಿಲಿಸಿದರೆ ಎಲ್ಲರಿಗೂ ಸಡಿಲಿಸಬೇಕು ಎಂದು ನಿಧಾನವಾಗಿ, ಮರ್ಯಾದೆಯಿಂದ ಹೇಳಿದರು. ಜನ ಚಪ್ಪಾಳೆ ಹೊಡೆದರು. ಸತೀಶ ಹಿಂದಿನಿಂದ "ಇದು ಮತಾಂತರದ ದಾರಿ" ಎಂದು ಕೂಗಿದ. ಪೊರ್ಬುಗಳ ಮುಖ ಒಮ್ಮೆ ಕೆಂಪಾಯಿತು. ಕೊರಳ ಶಿಲುಬೆಯನ್ನು ಮುಟ್ಟಿ, "ಮತಾಂತರ ಮಾಡುವುದಿದ್ರೆ ನಮ್ಮ ಜಾಗದಲ್ಲಿ ಮಲಗಿಸ್ತಿದ್ದೆ ಸತೀಶ, ನಿಮ್ಮ ಜಾಗ ಯಾಕೆ ಕೇಳ್ಲಿ?" ಎಂದು ಕುಳಿತರು. ವಿಷಯವನ್ನು ಮುಂದಿನ ಸಭೆಗೆ ಇಡಲಾಗಿದೆ ಎಂದು ಬರೆದುಕೊಂಡರು.

ಆ ಕೂಗಿನ ಫಲ ಕೆಲವು ದಿನಗಳಲ್ಲೇ ಕಂಡಿತು. ಒಂದೆರಡು ಕಡೆಯವರು ತಮ್ಮ ಕಾರ್ಯಕ್ರಮಕ್ಕೆ ಪೊರ್ಬುಗಳ ಮೈಕ್ ಬೇಡ ಎಂದು ಕಾಪುವಿನಿಂದ ತರಿಸಿದರು. ಅವರು ಅದನ್ನು ಮಾತಿಗೆ ತರಲಿಲ್ಲ. ನಾನೇ ಎತ್ತಿದಾಗ, "ಕಾಪುವಿನವನ ಸೆಟ್ ಒಳ್ಳೇದುಂಟು" ಎಂದು ಬಿಟ್ಟರು. ನೊಂದಿದ್ದರು, ನನಗೆ ಗೊತ್ತು.

ಮುಂದಿನ ಸಭೆಯವರೆಗೆ ಮುದುಕಿ ಕಾಯಲಿಲ್ಲ. ಒಂದು ದಿನ ಬೆಳಿಗ್ಗೆ ನಾನು ಅಂಗಳ ಗುಡಿಸುತ್ತಿರುವಾಗ ಯಲ್ಲವ್ವ ಗೇಟಿನ ಹೊರಗೆ ನಿಂತಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ, ಸೂತಕ ಎಂದಳು. "ಎಲ್ಲಿಡಲಿ ಯಕ್ಕಾ, ನೀವಽ ಹೇಳ್ರಿ" ಎಂದು ಕಂಪೌಂಡಿನ ಕಲ್ಲು ಹಿಡಿದುಕೊಂಡಳು, ಅವಳೇ ಹೊತ್ತು ತಂದ ಕಲ್ಲು. ಅವಳ ಹಿಂದೆಯೇ ಪೊರ್ಬುಗಳ ಸ್ಕೂಟರ್ ಬಂತು. ಅಂದು ಅವರು ಜಗಲಿಯಲ್ಲಿ ಕೂರಲೂ ಇಲ್ಲ, ನಗಲೂ ಇಲ್ಲ.

"ವಾದ ಮಾಡ್ಲಿಕ್ಕೆ ಬಂದದ್ದಲ್ಲ ಜಗನ್ನಾಥಣ್ಣ. ಅದು ಮುಗ್ದಿದೆ, ನೀವು ಗೆದ್ದಿದ್ದೀರಿ. ಮುದುಕಿ ಹೋಯ್ತು ಅಂತ ಹೇಳ್ಲಿಕ್ಕೆ ಬಂದೆ."

ಮಾವ ಅಂಗಳದಲ್ಲಿ ನಿಂತು ಒಮ್ಮೆ ಯಲ್ಲವ್ವನನ್ನು, ಒಮ್ಮೆ ಪೊರ್ಬುಗಳನ್ನು ನೋಡಿದರು. ಅವರು ಇಲ್ಲ ಎಂದರೆ ಇನ್ನೊಂದು ಹೆಣ ಘಟ್ಟ ಹತ್ತಬೇಕಾಗಿತ್ತು, ಹತ್ತಿದರೂ ಅಲ್ಲಿ ಇಳಿಸಲು ನೆಲವಿರಲಿಲ್ಲ. ಮಾವ ಸೊಂಟದಿಂದ ಕೀಲಿಕೈ ಬಿಚ್ಚಿದರು.

"ಬಡಗಿನ ಮೂಲೆಯಲ್ಲಿ ಗೇರುಮರದ ಹತ್ರ ಜಾಗ ಉಂಟು. ಸುಡುವಲ್ಲಿಗೆ ಅಡ್ಡ ಆಗುವುದಿಲ್ಲ" ಎಂದು ಚಪ್ಪಲಿ ಮೆಟ್ಟಿದರು. ಸಮಿತಿಯವರು ಕೇಳಿದರೆ ಎಂದು ನಾನು ಮೆಲ್ಲಗೆ ಕೇಳಿದೆ. "ಸಭೆಯಲ್ಲಿ ಗೆದ್ದವ ನಾನಲ್ವಾ? ಗೆದ್ದವ ಬಿಟ್ಟುಕೊಟ್ಟರೆ ಯಾರಿಗೆ ಅವಮಾನ? ಪೊರ್ಬುಗಳು ಗೆದ್ದಿದ್ರೆ ನನಗೆ ಕೊಡ್ಲಿಕ್ಕೆ ಆಗ್ತಿರ್ಲಿಲ್ಲ" ಎಂದರು.

ಅಲ್ಲಿ ಗುಂಡಿ ತೋಡುವಾಗ ಪೊರ್ಬುಗಳು ದೂರದಲ್ಲಿ ಗೇಟಿನ ಹೊರಗೇ ನಿಂತಿದ್ದರು. ಕರೆದರೂ ಬರಲಿಲ್ಲ. "ನಾನು ಒಳಗೆ ಬಂದ್ರೆ ನಾಳೆ ಮುದುಕಿಗೆ ಇನ್ನೊಂದು ಹೆಸರು ಇಟ್ಟಾರು" ಎಂದರು. ಯಲ್ಲವ್ವನ ಕಡೆಯವರು ಅವರ ಕ್ರಮದಲ್ಲೇ ಮುದುಕಿಯನ್ನು ಕೂರಿಸಿ ಮಣ್ಣು ಮಾಡಿದರು. ಎಲ್ಲ ಮುಗಿದು ಯಲ್ಲವ್ವ ಹೊರಬಂದಾಗ ಪೊರ್ಬುಗಳು ಅವಳ ಕೈಗೆ ನೀರಿನ ಬಾಟಲಿ ಕೊಟ್ಟರು.

ಸೋಲುವುದು ಅವರ ಉಪಾಯವೇ ಆಗಿತ್ತೋ ಎಂದು ನನಗೆ ಅನುಮಾನ. ಕೇಳಿದ್ದಕ್ಕೆ, "ಅಷ್ಟು ಬುದ್ಧಿ ಇದ್ದಿದ್ರೆ ನಾನು ನಿಮ್ಮ ಹಾಗೆ ಪಂಚಾಯತ್ ಮೆಂಬರ್ ಆಗ್ತಿದ್ದೆ ಮಾರಾಯ್ತಿ" ಎಂದರು.

ಮುಂದಿನ ಗ್ರಾಮಸಭೆ ಬರುವ ಹೊತ್ತಿಗೆ ಅವರು ಮಣಿಪಾಲದ ಆಸ್ಪತ್ರೆಯಲ್ಲಿದ್ದರು. ಹೃದಯದ ತೊಂದರೆ. ಸಭೆಯ ಮುಂಚಿನ ದಿನ ಸಂಜೆ ಮಾವ ಒಗೆದ ಪಂಚೆ ಉಟ್ಟು, "ಹೊರಡು, ಪೊರ್ಬುಗಳ ಹತ್ರ ಹೋಗಿ ಬರುವ" ಎಂದರು. ಅಲ್ಲಿ ಪೊರ್ಬುಗಳು ಮಂಚದಲ್ಲಿ ಇನ್ನಷ್ಟು ಸಪೂರವಾಗಿ ಕಂಡರು. ಟೆಸ್ಟರ್ ಇಲ್ಲದ ಅಂಗಿಯಲ್ಲಿ ಬೇರೆ ಯಾರೋ ಎನಿಸಿತು. ಲಿಲ್ಲಿ ಬಾಯಿ ಕಿತ್ತಳೆ ಸುಲಿಯುತ್ತಿದ್ದರು. ಮಾವ ಸ್ಟೂಲಿನ ಮೇಲೆ ಕುಳಿತು, ನೀರು ಕುಡಿದು, ಆರೋಗ್ಯ ವಿಚಾರಿಸಿ, ಗಂಟಲು ಸರಿ ಮಾಡಿಕೊಂಡರು.

"ಪೊರ್ಬುಗಳೇ, ಬಡಗಿನ ಮೂಲೆಯನ್ನು ಊರಲ್ಲಿ ತೀರಿಹೋದ ಯಾರಿಗಾದ್ರೂ ಸರಿ ಅಂತ ಬಿಡ್ಬೇಕು ಅಂತ ನಾಳೆ ನಾನೇ ನಿರ್ಣಯ ಇಡ್ತೇನೆ. ನಾಳೆ ನಿಮ್ಮ ಪರವಾಗಿ ಮಾತಾಡ್ಲಿಕ್ಕುಂಟು. ಹೇಳಿ ಹೋಗುವ ಅಂತ ಬಂದೆ."

ಪೊರ್ಬುಗಳು ಕಣ್ಣು ಮುಚ್ಚಿ ತೆರೆದರು. ಕಣ್ಣಂಚು ಒದ್ದೆಯಾಗಿತ್ತು. ಆದರೆ ತುಟಿಯಲ್ಲಿ ಬಂದದ್ದು ಬೇರೆ.

"ಪರವಾಗಿ ಮಾತಾಡುವುದಾದ್ರೆ ನನ್ನ ಹತ್ರ ಯಾಕೆ ಬಂದದ್ದು ಜಗನ್ನಾಥಣ್ಣ? ಸತೀಶನ ಮನೆಗೆ ಹೋಗಿ ಮಾರಾಯ್ರೆ. ಹೊತ್ತಾಯ್ತು."

ಲಿಲ್ಲಿ ಬಾಯಿ ಕೈಯಲ್ಲಿದ್ದ ಕಿತ್ತಳೆಯನ್ನು ಬಿಟ್ಟು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ಮಾವ ನಿಜವಾಗಿಯೂ ಎದ್ದರು. ಅಲ್ಲಿಂದ ನೇರ ಸತೀಶನ ಮನೆ. ಅವನು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದ. ಚಹಾ ಇಲ್ಲ. ದಾರಿಯಲ್ಲಿ ಮಾವ, "ಪೊರ್ಬುಗಳು ಇಷ್ಟು ವರ್ಷ ಇದನ್ನು ಹೇಗೆ ಮಾಡಿದ್ರು ಮಾರಾಯ್ತಿ?" ಎಂದರು.

ಮರುದಿನ ಅದೇ ಹಾಲು, ಪೊರ್ಬುಗಳ ಅಂಗಡಿಯ ಅದೇ ಸೆಟ್ಟು, ಜೋಡಿಸಿದವನು ಪಂಚಾಯತಿನ ಪಂಪ್ ಚಾಲಕ. ಮಾವ ಮಾತಾಡಿ ಮುಗಿಸಿದರು. ಸತೀಶ ವಿರೋಧಿಸಲು ಎದ್ದು ಮೈಕ್ ಹಿಡಿದದ್ದೇ ಅದು ಮೂಕವಾಯಿತು. ಹಿಂದಿನ ಬೆಂಚಿನವರು ಗುಸುಗುಸು ಶುರು ಮಾಡಿದರು. ಅವನ ಮಾತು ಕೇಳದೆಯೇ ನಿರ್ಣಯ ಆಗಿಬಿಡುತ್ತಿತ್ತೋ ಏನೋ. ಆಗ ನನ್ನ ಮಾವ, ಬೋಟಿನ ಬಲೆಯೊಂದನ್ನು ಬಿಟ್ಟರೆ ಬೇರೇನನ್ನೂ ಸರಿ ಮಾಡದವರು, ಎದ್ದು ಹೋಗಿ ವೈರನ್ನು ಒಂದು ಸುತ್ತು ಸುತ್ತಿ ಹೆಬ್ಬೆರಳಿನಿಂದ ಒತ್ತಿ ಹಿಡಿದರು. ಮೈಕಿನ ಹತ್ತಿರ ಬಾಗಿ "ಬಂಗುಡೆ, ಬೂತಾಯಿ, ಅಂಜಲ್" ಎಂದರು. ಇಡೀ ಹಾಲು ನಕ್ಕಿತು. "ಮಾತಾಡು ಸತೀಶ, ಈಗ ಕೇಳ್ತದೆ" ಎಂದು ಅವನ ಪಕ್ಕದಲ್ಲೇ ನಿಂತರು.

ಸತೀಶ ಮಾತಾಡಿದ. ಜಾಗ ಸಾಲದು, ನಾಳೆ ತಕರಾರು ಬರುತ್ತದೆ, ಹೂಳಿದ್ದಕ್ಕೆ ಪಂಚಾಯತಿನಲ್ಲಿ ಸರಿಯಾದ ದಾಖಲೆ ಇರಬೇಕು ಎಂದ. ಬೈಯಲಿಲ್ಲ. ಕೊನೆಯ ಮಾತು ಸರಿಯೆಂದು ಎಲ್ಲರಿಗೂ ತೋರಿ ಅದನ್ನೂ ಸೇರಿಸಿ ನಿರ್ಣಯ ಬರೆದರು. ಅವನೂ ಇನ್ನು ಕೆಲವರೂ ಕೊನೆಯವರೆಗೂ ಕೈಯೆತ್ತಲಿಲ್ಲ.

ಹಾಲಿನಿಂದ ಹೊರಬಂದವಳೇ ನಾನು ಲಿಲ್ಲಿ ಬಾಯಿಗೆ ಫೋನ್ ಮಾಡಿದೆ. ಅವರು ಫೋನನ್ನು ಪೊರ್ಬುಗಳ ಕಿವಿಗೆ ಹಿಡಿದರು. ನಿರ್ಣಯ ಆಯಿತು ಎಂದೆ. ಅವರು ಮೆಲ್ಲಗೆ, "ಸತೀಶ ಹೇಳಿದ್ದು ಹಿಂದೆ ಕೂತವರಿಗೆ ಕೇಳಿತಾ?" ಎಂದರು.

"ಕೇಳಿತು ಪೊರ್ಬುಗಳೇ. ಮಾವ ವೈರ್ ಹಿಡ್ಕೊಂಡಿದ್ರು" ಎಂದೆ. ಅವರು ನಕ್ಕದ್ದು ಕೆಮ್ಮಾಯಿತು, ಲಿಲ್ಲಿ ಬಾಯಿ ಫೋನ್ ತೆಗೆದುಕೊಂಡರು. ಪೊರ್ಬುಗಳೊಡನೆ ನನ್ನ ಕೊನೆಯ ಮಾತು ಅದು.

ಅವರನ್ನು ಇಗರ್ಜಿಯ ನೆಲದಲ್ಲಿ ಮಲಗಿಸಿದ ದಿನ ಒಬ್ಬೊಬ್ಬರೂ ಒಂದು ಹಿಡಿ ಮಣ್ಣು ಹಾಕುವ ಕ್ರಮವಿತ್ತು. ಮಾವ ಹಾಕಿದರು, ನಾನು ಹಾಕಿದೆ. ಯಲ್ಲವ್ವ ಗೇಟಿನ ಹೊರಗೆ ನಿಂತಿದ್ದಳು, ಲಿಲ್ಲಿ ಬಾಯಿಯೇ ಹೋಗಿ ಅವಳನ್ನು ಕೈಹಿಡಿದು ಒಳಗೆ ಕರೆತಂದರು. ಈಗ ಗ್ರಾಮಸಭೆಗೆ ಮೈಕ್ ಕಾಪುವಿನಿಂದ ಬರುತ್ತದೆ. ವೈರ್ ಗಟ್ಟಿಯಿದೆ, ಹುಡುಕಿದರೂ ದೋಷವಿಲ್ಲ, ನನಗೆ ಮಾತ್ರ ಅದರಲ್ಲಿ ಏನೋ ಸರಿಯಿಲ್ಲ ಎನಿಸುತ್ತದೆ.

ಮೊನ್ನೆ ಸಭೆಯ ಮುಂಚಿನ ದಿನ ನಾನು ಸಂಜೆಯ ದೀಪ ಹಚ್ಚುತ್ತಿದ್ದೆ. ಹೆದ್ದಾರಿಯ ಬದಿಯ ಗೂಡಂಗಡಿಗಳನ್ನು ತೆಗೆಸಬೇಕೆಂದು ನಾನು ವಿಷಯ ಕೊಟ್ಟಿದ್ದೆ. ಗೇಟಿನೆದುರು ಬೈಕ್ ನಿಂತ ಸದ್ದಾಯಿತು. ಇಣುಕಿದರೆ ಸತೀಶ. ಹೆಲ್ಮೆಟ್ ಕಂಕುಳಲ್ಲಿತ್ತು. ಚಪ್ಪಲಿಯನ್ನು ಮೆಟ್ಟಿಲ ಕೆಳಗೆ ಬಿಟ್ಟು, ಎಲ್ಲಿ ಕೂರುವುದೆಂದು ತಿಳಿಯದೆ ಜಗಲಿಯ ತುದಿಯಲ್ಲಿ ಕುಳಿತ. ನೆಲ ನೋಡುತ್ತ ಹೇಳಿದ:

"ಶಶಿಯಕ್ಕ, ನಾಳೆ ನಿಮ್ಮ ವಿರುದ್ಧ ಮಾತಾಡ್ಲಿಕ್ಕುಂಟು."

ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.